ಮೂರನೆಯ ಕೊಳದ ತೂಬು

ಬೆಳಗಾಗುವ ಹೊತ್ತಿಗೆ ಮೂರನೆಯ ಕೊಳ ಬರಿದಾಗಿತ್ತು. ಕೆರೆಯ ದಡದುದ್ದಕ್ಕೂ ಸತ್ತ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು.

ಊರಿನ ಕೊಳಚೆ ನೀರು ಸಾಲಾಗಿರುವ ಮೂರು ಕೊಳಗಳಲ್ಲಿ ವಾರಗಟ್ಟಲೆ ನಿಂತು, ಗಾಳಿ ಬಿಸಿಲಿಗೆ ತಿಳಿಯಾಗಿ, ಮೆಲ್ಲಗೆ ಕೆರೆ ಸೇರಬೇಕು. ಆದರೆ ರಾತ್ರಿ ಯಾರೋ ಕೊನೆಯ ತೂಬನ್ನು ಪೂರ್ತಿ ಎತ್ತಿಬಿಟ್ಟಿದ್ದರು. ತಳದ ಕೆಸರೂ ನೀರಿನ ಜೊತೆ ಕೆರೆಗೆ ನುಗ್ಗಿತ್ತು.

ತೂಬಿನ ಒಂದು ಕೀಲಿ ಕೊಳ ಕಾಯುವವನ ಸೊಂಟದಲ್ಲಿ. ಇನ್ನೊಂದು ಕೊಳಗಳನ್ನು ನೋಡಿಕೊಳ್ಳುವ ಸಮಿತಿಯ ಕಚೇರಿಯ ಗೋಡೆಯ ಮೊಳೆಯಲ್ಲಿ, ಯಾರು ಬೇಕಾದರೂ ಕೈಹಾಕುವಂತೆ. ಊರಿನವರು ಕೊಳ ಕಾಯುವವನನ್ನೇ ಹಿಡಿದುಕೊಂಡಿದ್ದರು. ಸಂಜೆ ವರದಿ ಹೋದರೆ ಅವನ ಕೆಲಸವೂ ಹೋಗುತ್ತಿತ್ತು.

ತನಿಖೆಗೆ ಬಂದಿದ್ದ ಅಧಿಕಾರಿಣಿಗೆ ತಲೆ ಚಿಟ್ಟುಹಿಡಿದಿತ್ತು.

"ರಾತ್ರಿ ಎಲ್ಲಿದ್ರಿ?"

ಕೊಳ ಕಾಯುವವನು ಸೊಂಟದ ಕೀಲಿಯನ್ನು ತಿರುವುತ್ತ ಕೂತ.

"ಬಾಯಿಗೆ ಬೀಗ ಹಾಕ್ಕೊಂಡು ಕೂತ್ರೆ ಕೆಲಸ ಹೋಗುತ್ತೆ — ಗೊತ್ತಾ?"

"ಹೋಗ್ಲಿ ಬಿಡಿ ಮೇಡಂ," ಎಂದ ಕೊಳ ಕಾಯುವವನು. ಬೆಳಗಿನಿಂದ ಅವನ ಬಾಯಿಂದ ಬಂದದ್ದು ಅಷ್ಟೇ.

ತೂಬಿನ ಬಾಯಲ್ಲಿ ಒಂದು ಬಲೆ ಗಂಟುಸಮೇತ ಸಿಕ್ಕಿಹಾಕಿಕೊಂಡಿತ್ತು. ಮೀನುಗಾರರದ್ದು ಎಂದು ಎಲ್ಲರೂ ಬಿಟ್ಟುಬಿಟ್ಟಿದ್ದರು. ಆಕೆ ಅದನ್ನು ಮೀನುಗಾರರ ಮುಖಂಡನ ಮುಂದೆ ಹಿಡಿದಳು.

"ನಿಮ್ಮದಾ?"

"ಇದ್ರಲ್ಲಿ ಮೀನು ಹಿಡೀತಾರಾ? ಸೊಳ್ಳೆ ಹಿಡೀಬಹುದು ನೋಡಿ!" ಅವನು ಉಗಿದ. "ಮೀನು ಸತ್ರೆ ನಮ್ಮ ಹೊಟ್ಟೆ ಮೇಲೇ ತಾನೇ ಹೊಡ್ತ?"

ಬಲೆಯ ಅಂಚಿಗೆ ಕೆಂಪು ದಾರದ ಕೈಹೊಲಿಗೆ ಇತ್ತು. ಆಕೆ ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ಕೊಳ ಕಾಯುವವನನ್ನೂ ಕರೆದುಕೊಂಡು, ಇನ್ನೊಂದು ಕೀಲಿಯ ಲೆಕ್ಕ ಕೇಳಲು ಸಮಿತಿಯ ಅಧ್ಯಕ್ಷರ ಮನೆಗೆ ನಡೆದಳು. ಅಧ್ಯಕ್ಷರೆಂದರೆ ಅವನ ಅಕ್ಕನ ಗಂಡನೇ.

"ಹೆಂಡ್ತಿ ತಮ್ಮ ಅಂತ ನಾನು ಮುಲಾಜು ನೋಡೋನಲ್ಲ," ಎಂದರು ಅಧ್ಯಕ್ಷರು. "ಬರ್ಕೊಳ್ಳಿ. ಅವನೇ. ಸೋಂಬೇರಿ!"

ಅಕ್ಕ ನೀರು ತಂದಿಟ್ಟಳು. ತಮ್ಮನ ಕಡೆ ನೋಡಲಿಲ್ಲ. ಅಧಿಕಾರಿಣಿ ಕುಡಿಯುವುದು ಬಿಟ್ಟು ಸೊಳ್ಳೆ ಹೊಡೆಯುತ್ತಿದ್ದಳು. ಹೊಡೆಯುತ್ತಲೇ ತಟ್ಟನೆ ಕೈ ತಡೆದಳು.

"ಆ ಎರಡು ಕಿಟಕಿಗೂ ಸೊಳ್ಳೆ ಪರದೆ ಇದೆ. ಕೆಂಪು ಅಂಚು. ಇದೊಂದಕ್ಕೆ ಯಾಕಿಲ್ಲ?"

"ಅದು... ಒಗೆಯೋಕೆ —" ಎಂದರು ಅಧ್ಯಕ್ಷರು.

ಆಕೆ ಚೀಲ ಬಿಚ್ಚಿ ಒದ್ದೆ ಪರದೆಯನ್ನು ಮೇಜಿನ ಮೇಲೆ ಹರಡಿದಳು.

"ಕೊಳ ಬರಿದು ಮಾಡೋದಷ್ಟೇ ಬೇಕಿದ್ದೋನು ತೂಬಿಗೆ ಪರದೆ ಯಾಕೆ ಕಟ್ತಾನೆ? ನೀರಿನ ಜೊತೆ ಬರೋ ಏನನ್ನೋ ಹಿಡಿಯೋಕೆ. ನಿಮ್ಮ ಬೆರಳಲ್ಲಿ ಉಂಗುರದ ಬಿಳೀ ಗುರುತಿದೆ. ಉಂಗುರ ಎಲ್ಲಿ?"

ಅಧ್ಯಕ್ಷರು ಕೈಯನ್ನು ಮಡಿಲಿಗೆ ಎಳೆದುಕೊಂಡರು.

"ಇನ್ನೊಂದು ಮಾತು. ಕೊಳಚೆ ನೀರಿನ ಜೊತೆ ಭಾರದ್ದೇನು ಬಂದ್ರೂ ಮೊದಲನೇ ಕೊಳದ ತಳದಲ್ಲೇ ಕೂತುಬಿಡುತ್ತೆ. ಕೊಳದ ಕೆಲಸ ಬಲ್ಲೋನು ಮೂರನೇದ್ರಲ್ಲಿ ಹುಡುಕ್ತಾನಾ? ಇದು ಇವನ ಕೆಲಸ ಅಲ್ಲ. ಕೊಳಕ್ಕೆ ಒಂದು ದಿನವೂ ಕಾಲಿಡದೆ ಅಧ್ಯಕ್ಷಗಿರಿ ಮಾಡಿದೋರ ಕೆಲಸ!"

"ಪಾಯಿಖಾನೇಲಿ ಜಾರಿಬಿತ್ತು," ಎಂದರು ಅಧ್ಯಕ್ಷರು, ಗಂಟಲಲ್ಲೇ. "ಅಪ್ಪನ ಉಂಗುರ. ಅಮ್ಮ ಕೇಳಿದ್ರೆ ಏನು ಹೇಳ್ಲಿ? ಮೀನು ಸಾಯುತ್ತೆ ಅಂತ ಯಾರಿಗೆ ಗೊತ್ತಿತ್ತು..."

ಅಕ್ಕ ತಮ್ಮನ ಕಡೆ ತಿರುಗಿದಳು. "ಪರದೆ ನೋಡಿದ ಮೇಲೂ ಯಾಕೋ ಬಾಯಿ ಬಿಡ್ಲಿಲ್ಲ?"

"ಹೊಲಿಗೆ ನಿಂದಲ್ವಾ ಅಕ್ಕ. ನೀನೇ ಏನಾದ್ರೂ ಮಾಡಿದ್ಯೇನೋ ಅಂದ್ಕೊಂಡೆ."

"ಅಯ್ಯೋ! ನಾನು ನೀನೇ ಅಂದ್ಕೊಂಡು ಬೆಳಗ್ಗಿಂದ ನಿನ್ನ ಮುಖ ನೋಡ್ಲಿಲ್ವಲ್ಲೋ!"

ಅಕ್ಕ ನೀರಿನ ಲೋಟವನ್ನು ತಮ್ಮನ ಕಡೆ ಸರಿಸಿದಳು. ಅಧ್ಯಕ್ಷರು ಮೆಲ್ಲಗೆ ಕೆಮ್ಮಿದರು.

"ಮೇಡಂ, ಹಾಗಾದ್ರೆ... ಮೊದಲನೇ ಕೊಳ ಬರಿದು ಮಾಡಿಸಿದ್ರೆ ಸಿಗುತ್ತಾ?"

ಅಧಿಕಾರಿಣಿ ವರದಿಯಲ್ಲಿ ಅವರ ಹೆಸರು ಬರೆದು ಕೆಳಗೆ ಗೆರೆ ಎಳೆದಳು. ಒತ್ತಿದ ರಭಸಕ್ಕೆ ಹಾಳೆ ಹರಿಯಿತು. ಇನ್ನೊಂದು ಹಾಳೆ ತೆಗೆದು ಮತ್ತೆ ಮೊದಲಿನಿಂದ ಬರೆಯತೊಡಗಿದಳು.