ಎರಡು ವಾಷರ್

“ಮೇಡಂ, ಎರಡೂ ವಾಷರ್ ಇಲ್ಲ!”

ದನಿ ಬಂದದ್ದು ಸಿಂಕಿನ ಕೆಳಗಿನ ಕಪಾಟಿನಿಂದ. ಹೊಸ ಹೀಟರ್ ಕೂರಿಸಲು ಬಂದಿದ್ದ ಫಿಟ್ಟರ್ ಮಾಮನ ತಲೆ, ಹೆಗಲು, ಹೊಟ್ಟೆ ಎಲ್ಲ ಅದರೊಳಗಿದ್ದವು. ಹೊರಗೆ ಕಾಣುತ್ತಿದ್ದದ್ದು ಕಾಲು ಮಾತ್ರ. ಹಾಗಾಗಿ ಅಮ್ಮ ಕಾಲುಗಳಿಗೇ ಉತ್ತರ ಕೊಟ್ಟಳು.

“ಬಾಕ್ಸಲ್ಲೇ ಇದ್ವಲ್ಲ! ಬೆಳಗ್ಗೆ ನಾನೇ ನೋಡಿದೀನಿ.”

“ಪೈಪ್ ಸೇರೋ ಕಡೆ ಆ ರಬ್ಬರ್ ಬಳೆ ಇಲ್ದಿದ್ರೆ ನೀರು ಸೋರತ್ತೆ. ಈ ಸೈಜ್ ನನ್ನ ಹತ್ರ ಇಲ್ಲ. ಮುಂದಿನ ವಾರ ಬರ್ಲಾ?” ಎಂದವು ಕಾಲುಗಳು.

“ಅದೇ ಸರಿ. ಅವಸರ ಏನಿಲ್ಲ!” ಅಪ್ಪ ಥಟ್ಟನೆ ಹೇಳಿದ.

ಬಾಯಿ ತೆರೆದರೆ ನಿಲ್ಲಿಸದ ಮಗಳಿಗೆ ಮನೆಯಲ್ಲಿ ರೇಡಿಯೊ ಎಂದೇ ಹೆಸರು. ಈಗ ಅವಳು ಬಾಯಿ ಬಿಗಿದು ನಿಂತಿದ್ದಳು. ಒಂದು ವಾಷರ್ ಅವಳ ಬಲ ಮುಷ್ಟಿಯಲ್ಲಿತ್ತು. ಆದರೆ ತಾನು ತೆಗೆದದ್ದು ಒಂದೇ! ಇನ್ನೊಂದು ಎಲ್ಲಿ ಹೋಯಿತು?

“ತಣ್ಣೀರಲ್ಲಿ ಕೈ ಮರಗಟ್ಟತ್ತೆ” ಎಂದು ರೇಡಿಯೊ, ಅಪ್ಪ ಇಬ್ಬರೂ ಪಾತ್ರೆ ತೊಳೆಯುವ ಕೆಲಸದಿಂದ ಜಾರಿಕೊಳ್ಳುತ್ತಲೇ ಬಂದಿದ್ದರು. ಕೊನೆಗೆ ಅಮ್ಮ ಹೀಟರ್ ತಂದೇಬಿಟ್ಟಳು. “ಬಿಸಿನೀರು ಬಂದ ದಿನದಿಂದ ರಾತ್ರಿ ಪಾತ್ರೆ ನಿಮ್ಮಿಬ್ರದ್ದು” ಎಂದೂ ಹೇಳಿದ್ದಳು.

“ಇಲ್ಲೇ ಎಲ್ಲೋ ಬಿದ್ದಿರ್ಬೇಕು. ಮರಿ, ಟಾರ್ಚ್ ಹಿಡಿ” ಎಂದವು ಕಾಲುಗಳು.

ರೇಡಿಯೊ ಎಡಗೈಯಲ್ಲಿ ಹಿಡಿದಳು. ಬೆಳಕು ಗಡಗಡ ನಡುಗಿತು.

“ಭೂಕಂಪ ಆಗ್ತಿದೆಯಾ? ಎರಡೂ ಕೈಲಿ ಹಿಡಿಯಮ್ಮ!”

ಮುಷ್ಟಿ ಬಿಚ್ಚಲೇಬೇಕಾಯಿತು. ವಾಷರ್ ಟಪ್ಪನೆ ಬಿದ್ದು, ಉರುಳುರುಳಿ ಹೋಗಿ ಅಮ್ಮನ ಪಾದದ ಬಳಿ ಮಲಗಿತು.

“ಅದಕ್ಕೇ ರೇಡಿಯೊ ಬಂದ್ ಆಗಿತ್ತಾ?” ಅಮ್ಮ ಸೊಂಟದ ಮೇಲೆ ಕೈಯಿಟ್ಟಳು.

“ನಾನು ಒಂದೇ ತಗೊಂಡಿದ್ದು! ಆಣೆಗೂ ಒಂದೇ!”

ಅಮ್ಮ ಅಪ್ಪನ ಕಡೆ ತಿರುಗಿದಳು. ಅಪ್ಪ ಕೆಮ್ಮಿದ. ಮೆಲ್ಲನೆ ಅಂಗಿ ಜೇಬಿಗೆ ಕೈಹಾಕಿದ.

“ಅರೆ! ಇದು ಇಲ್ಲಿಗೆ ಹೇಗೆ ಬಂತು?”

ಕಪಾಟಿನೊಳಗಿಂದ ನಗು ಗೊಳ್ಳನೆ ಕೇಳಿಸಿತು. ಕಾಲುಗಳೂ ಕುಲುಕಿದವು.

ಅರ್ಧ ಗಂಟೆಯಲ್ಲಿ ಹೀಟರಿನ ಕೆಂಪು ದೀಪ ಹತ್ತಿತು. ಅಮ್ಮ ನಲ್ಲಿ ತಿರುಗಿಸಿ ಎರಡೂ ಕೈ ಒಡ್ಡಿದಳು. ನೀರಿನಿಂದ ಹಬೆ ಎದ್ದಿತು. ಅಮ್ಮ ಏನನ್ನೂ ತೊಳೆಯಲಿಲ್ಲ. ಕಣ್ಣು ಮುಚ್ಚಿ ಸುಮ್ಮನೆ ನಿಂತಳು. ಅವಳ ಬೆರಳ ಗಿಣ್ಣುಗಳು ಒಡೆದು ಕೆಂಪಾಗಿದ್ದವು. ರೇಡಿಯೊ ಅದನ್ನು ನೋಡಿದ್ದು ಇವತ್ತೇ.

“ಅಮ್ಮಾ, ನಿಂಗೂ ಕೈ ಮರಗಟ್ತಿತ್ತಾ?”

“ಮತ್ತೆ? ನಂಗೇನು ನಲ್ಲಿಯಿಂದ ಬೇರೆ ನೀರು ಬರ್ತಿತ್ತೇನೇ?”

ರೇಡಿಯೊ ಪಾತ್ರೆ ಉಜ್ಜುವ ಸ್ಕ್ರಬ್ಬರ್ ಕೈಗೆತ್ತಿಕೊಂಡು ಪಕ್ಕಕ್ಕೆ ಬಂದಳು.

“ಇರು, ಇನ್ನೊಂದೇ ನಿಮಿಷ” ಎಂದಳು ಅಮ್ಮ, ಕಣ್ಣು ತೆರೆಯದೆ.

ರೇಡಿಯೊ ಕಾದಳು. ಒಂದು ಮಾತೂ ಆಡಲಿಲ್ಲ.