ಎಣ್ಣೆ ಹಾಕಿಟ್ಟ ಚೂರಿಗಳು

ಸಾವಿರದ ಒಂಬೈನೂರ ಮೂವತ್ತಾರನೇ ಇಸವಿಯ ಆಗಸ್ಟ್ ತಿಂಗಳ ಒಂದು ಸೋಮವಾರ. ಸಬ್ ಇನ್‌ಸ್ಪೆಕ್ಟರ್ ಜಯಪಾಲ ಬಲ್ಲಾಳರು ಠಾಣೆಗೆ ಬಂದು ಟೊಪ್ಪಿ ತೆಗೆದಿಡುವ ಮೊದಲೇ ಹರಿದಾಸ ರಾಯರು ಮೇಜಿನೆದುರು ನಿಂತಾಗಿತ್ತು. ಬಂದರು ರಸ್ತೆಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟವರು ಅವರು. ದೂರು ಎರಡು. ಒಂದು, ರಾತ್ರಿ ಅಂಗಡಿಯಿಂದ ಮಡಚುವ ಚೂರಿಗಳು ಕಳವಾಗಿವೆ. ಇನ್ನೊಂದು, ಅಂಗಡಿಯಿಡೀ ಮೀನು ನಾರುತ್ತಿದೆ. ಪೂಜೆ ಮಾಡಿ ಬಾಗಿಲು ತೆರೆಯುವ ರಾಯರಿಗೆ ಕಳವಿಗಿಂತ ನಾತವೇ ದೊಡ್ಡ ಸಂಕಟವಾಗಿತ್ತು.

ಜೊತೆಯಲ್ಲಿ ಅಂಗಡಿಯ ಗುಮಾಸ್ತ ಮಾರ್ಸೆಲಿನ್‌ನನ್ನೂ ಎಳೆದು ತಂದಿದ್ದರು. ಬೀಗ ಒಡೆದಿಲ್ಲ, ಎರಡನೆಯ ಬೀಗದ ಕೈ ಇರುವುದು ಇವನಲ್ಲಿ ಮಾತ್ರ, ಮತ್ತೆಂತ ತನಿಖೆ ಎಂದು ಅವರ ವಾದ. ಸಂಜೆಯೊಳಗೆ ಇವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸದಿದ್ದರೆ ತಾವು ನೇರ ಸೂಪರಿಂಟೆಂಡೆಂಟರ ಬಂಗಲೆಗೆ ಹೋಗುವವರೇ ಎಂದೂ ಹೆದರಿಸಿದರು. ಐವತ್ತು ದಾಟಿದ ಮಾರ್ಸೆಲಿನ್ ಒಂದೇ ಮಾತು ಹೇಳಿದ. "ಜೈಲಿಗೆ ಹೋಗಿ ಬಂದವ ಇಗರ್ಜಿಯಲ್ಲಿ ಮುಖ ತೋರಿಸುವುದು ಹೇಗೆ ಸಾರ್?"

ವಾರದ ಮೊದಲ ದಿನವೇ ಇಂಥ ಗ್ರಹಚಾರ! ಬಲ್ಲಾಳರು ಹಲ್ಲು ಕಚ್ಚಿಕೊಂಡು ಕಲಂ ೪೫೭ ಮತ್ತು ೩೮೦ರಡಿ ಎಫ್‌ಐಆರ್ ಬರೆದು, ಮಾರ್ಸೆಲಿನ್‌ನನ್ನು ಲಾಕಪ್ಪಿನಲ್ಲಿ ಕೂರಿಸಿ, ಹೆಡ್ ಕಾನ್‌ಸ್ಟೆಬಲ್ ನೋಣಯ್ಯನನ್ನು ಕರೆದುಕೊಂಡು ಹೊರಟರು.

ಪಂಚನಾಮೆಗೆ ಸಾಕ್ಷಿ ನಿಲ್ಲಿ ಎಂದರೆ ಬೀದಿಯವರಿಗೆಲ್ಲ ಒಮ್ಮೆಲೇ ಕೆಲಸ ನೆನಪಾಯಿತು. ಹೇಗೋ ಇಬ್ಬರನ್ನು ಹಿಡಿದು ನಿಲ್ಲಿಸಿದ್ದಾಯಿತು. ನೋಣಯ್ಯ ಅಂಗಡಿಯ ಮಾಡು ಹತ್ತಿ ಹಿಂಬದಿಯ ನಾಲ್ಕು ಹಂಚುಗಳ ಪಾಚಿ ಕಿತ್ತುಹೋಗಿರುವುದನ್ನು ಕಂಡುಹಿಡಿದ; ಇಳಿಯುವಾಗ ಇನ್ನೆರಡು ಹಂಚನ್ನು ತಾನೇ ಒಡೆದ. ಅದನ್ನೂ ಎಫ್‌ಐಆರಿಗೆ ಸೇರಿಸಬೇಕೆಂದು ರಾಯರು ಹಟ ಹಿಡಿದರು. ಕಳ್ಳ ಮಾಡಿನಿಂದ ಇಳಿದಿದ್ದಾನೆ, ಬೀಗದ ಕೈಗೂ ಇದಕ್ಕೂ ಸಂಬಂಧವಿಲ್ಲ ಎಂದು ಬಲ್ಲಾಳರು ಹೇಳಿದರೆ, ಪೊಲೀಸರ ಕಣ್ಣಿಗೆ ಮಣ್ಣೆರಚಲು ಮಾರ್ಸೆಲಿನ್ನೇ ಹಂಚು ತೆಗೆದಿರಬೇಕು ಎಂದುಬಿಟ್ಟರು ರಾಯರು. ಈ ಮನುಷ್ಯನಿಗೆ ಏನು ಹೇಳುವುದು?

ಚೂರಿಯ ಪೆಟ್ಟಿಗೆ ಮೇಜಿನ ಮೇಲಿತ್ತು. ಅರ್ಧದಷ್ಟು ಚೂರಿಗಳು ಅದರಲ್ಲೇ ಸಾಲಾಗಿ ಉಳಿದಿದ್ದವು. ಬಲ್ಲಾಳರು ಒಂದನ್ನು ಎತ್ತಿ ಮೂಗಿನ ಹತ್ತಿರ ಹಿಡಿದರು. ಅಲಗು ಮಡಚುವ ಕೀಲಿಗೆ ಎಣ್ಣೆ ಬಿಟ್ಟಿತ್ತು. ದೋಣಿಗೆ ಬಳಿಯುವ ಬೂತಾಯಿ ಮೀನಿನ ಎಣ್ಣೆ. ಜೈನರ ಮನೆಯಲ್ಲಿ ಹುಟ್ಟಿದರೇನಾಯಿತು, ಮೂಗು ಮಂಗಳೂರಿನದೇ ತಾನೆ. ಉಳಿದ ಅಷ್ಟೂ ಚೂರಿಗಳಿಗೆ ಹಾಗೆಯೇ ಎಣ್ಣೆ ಹಾಕಿ ಒರಸಿಡಲಾಗಿತ್ತು. ಕದಿಯಲು ಬಂದವನು ಬಿಟ್ಟುಹೋಗುವ ಮಾಲಿಗೆ ಯಾಕೆ ಇಷ್ಟು ಉಪಚಾರ ಮಾಡಿದ?

ಅವರು ಒಂದೊಂದನ್ನೇ ಬಿಡಿಸಿ ನೋಡಿದರು. ಉಗುರು ನೋಯುವಷ್ಟು ಬಿಗಿ. ಕೊನೆಗೆ ಟಕ್ಕೆಂದು ಕೂರುತ್ತಿತ್ತು. ಅಲಗನ್ನು ಹಿಡಿದು ಅತ್ತಿತ್ತ ಅಲ್ಲಾಡಿಸಿದರೆ ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ. ಬೆನ್ನನ್ನು ಮೇಜಿಗೆ ಬಡಿದರೂ ಮಡಚಲಿಲ್ಲ. ಹೋದವೂ ಇಂಥವೇ, ಒಂದೇ ಪೆಟ್ಟಿಗೆಯ ಮಾಲು ಎಂದು ರಾಯರು ತಮ್ಮ ಜೇಬಿನಿಂದ ಅದೇ ಪೆಟ್ಟಿಗೆಯ ಒಂದನ್ನು ತೆಗೆದುಕೊಟ್ಟರು. ಅದು ಬೆರಳು ತಾಗಿದ್ದೇ ತಡ ಬಿಚ್ಚಿಕೊಂಡಿತು. ಅಲಗು ಕೀಲಿನಲ್ಲಿ ಹಳೆ ಹಲ್ಲಿನ ಹಾಗೆ ಅಲ್ಲಾಡುತ್ತಿತ್ತು. ಬಲ್ಲಾಳರು ಬೆನ್ನನ್ನು ಮೇಜಿಗೆ ಮೆಲ್ಲ ತಟ್ಟಿದರು. ಚೂರಿ ಪಟ್ಟನೆ ಮಡಚಿತು. ಬೆರಳು ಹಿಂತೆಗೆಯದಿದ್ದರೆ ಹೋಗುತ್ತಿತ್ತು.

ಹಾಗಾದರೆ ಕಳ್ಳ ಆರಿಸಿ ಒಯ್ದದ್ದು ಕೆಟ್ಟ ಚೂರಿಗಳನ್ನು.

"ಈ ಚೂರಿಯನ್ನು ಯಾರಾದರೂ ವಾಪಸು ತಂದದ್ದುಂಟಾ?"

ರಾಯರು ಅತ್ತ ತಿರುಗಿದರು. "ಒಬ್ಬ ಬಂದಿದ್ದ."

"ಯಾರು?"

"ಬೊಕ್ಕಪಟ್ಣದ ಮೊಗವೀರ. ತಮ್ಮನ ಕೈ ಕೊಯ್ದಿತಂತೆ. ಮಾರಿದ ಮಾಲು ನಾವು ವಾಪಸು ತೆಗೆದುಕೊಳ್ಳುವುದಿಲ್ಲ ಇನ್‌ಸ್ಪೆಕ್ಟರ್ರೇ."

"ಇದನ್ನು ಬೆಳಿಗ್ಗೆಯೇ ಹೇಳಲಿಕ್ಕೆ ನಿಮಗೆ ಎಂತ ಆಗಿತ್ತು ಮಾರಾಯ್ರೆ?"

ನೀವು ಕೇಳಲಿಲ್ಲವಲ್ಲ ಎಂದರು ರಾಯರು. ಬಲ್ಲಾಳರು ಟೊಪ್ಪಿ ಹಾಕಿಕೊಂಡು ಹೊರಗೆ ಬಂದರು. ಇನ್ನೊಂದು ಕ್ಷಣ ನಿಂತಿದ್ದರೆ ಸರಕಾರಿ ನೌಕರಿಗೆ ಒಪ್ಪದ ಮಾತು ಬಾಯಿಂದ ಬರುತ್ತಿತ್ತು.

ಬೊಕ್ಕಪಟ್ಣದಲ್ಲಿ ಮನೆ ಸಿಗುವುದು ಕಷ್ಟವಾಗಲಿಲ್ಲ. ಚೂರಿ ವಾಪಸು ತಂದಿದ್ದ ಚೆನ್ನಪ್ಪ ಅಂಗಳದಲ್ಲಿ ಬಲೆ ಸರಿಮಾಡುತ್ತಿದ್ದ. ನಡುಪ್ರಾಯ ದಾಟಿದ ಆಳು. ಚೂರಿ ಕೊಳ್ಳುವ ಮೊದಲು ಅವನ ಕೈಗೆ ಕೊಟ್ಟು ಕೇಳುವುದು ಆ ಕೇರಿಯ ರೂಢಿ ಎಂದು ದಾರಿಯಲ್ಲೇ ತಿಳಿದಿತ್ತು. ಜಗಲಿಯಲ್ಲಿ ಅವನ ತಮ್ಮ ಅಂಗಾರ ಬಲಗೈಯನ್ನು ಮಡಿಲಲ್ಲಿಟ್ಟು ಕೂತಿದ್ದ. ನರ ಕಡಿದು ಬೆರಳುಗಳು ಕಡ್ಡಿಯ ಹಾಗೆ ನಿಂತಿದ್ದವು.

ಕಳವಿನ ವಿಷಯಕ್ಕೆ ಚೆನ್ನಪ್ಪ ಮೊದಲು ಬಾಯಿ ಬಿಡಲಿಲ್ಲ. ಗುಮಾಸ್ತನನ್ನು ಸಂಜೆ ಕೋರ್ಟಿಗೆ ಒಯ್ಯುತ್ತೇವೆ ಎಂದ ಕೂಡಲೇ ಬಲೆ ಕೆಳಗಿಟ್ಟ.

"ಮಾರ್ಸೆಲಿನ್ ಪೊರ್ಬುಗಳನ್ನು ಯಾಕೆ ಹಿಡಿದಿರಿ ಸ್ವಾಮಿ? ಅವರು ಎಂತ ಮಾಡ್ಲಿಲ್ಲ. ಮಾಡು ಇಳಿದದ್ದು ನಾನು."

"ಚೂರಿಗಳೆಲ್ಲಿ?"

"ಅಳಿವೆಬಾಗಿಲಿನಲ್ಲಿ ನೀರಿಗೆ ಹಾಕಿದೆ. ಮಳೆಗಾಲ ಮುಗಿಯುತ್ತಾ ಬಂತು, ಇನ್ನು ದೋಣಿ ಇಳಿಯುತ್ತದೆ. ಕೇರಿಯವರೆಲ್ಲ ಅದೇ ಅಂಗಡಿಯಿಂದ ಚೂರಿ ತರುವುದು."

"ಉಳಿದದ್ದಕ್ಕೆ ಎಣ್ಣೆ ಯಾಕೆ ಹಾಕಿದೆ?"

ಚೆನ್ನಪ್ಪನಿಗೆ ನಾಚಿಕೆಯಾಯಿತು. "ಒಳ್ಳೆ ಚೂರಿ ಸ್ವಾಮಿ. ಕೀಲು ಒಣಗಿತ್ತು. ಹಾಗೇ ಬಿಟ್ಟು ಬರಲಿಕ್ಕೆ ಮನಸ್ಸು ಕೇಳ್ಲಿಲ್ಲ."

ಮಧ್ಯಾಹ್ನ ಮೂರು ಗಂಟೆಗೆ ಹೇಳಿಕೆ ಬರೆದುಕೊಂಡರು. ಕಡಲಿನಲ್ಲಿ ಒಂದು ಕೈ ಹಗ್ಗದ ಮೇಲಿರುತ್ತದೆ, ಚೂರಿಯನ್ನು ಹಲ್ಲಿನಿಂದ ಕಚ್ಚಿ ಬಿಡಿಸಬೇಕು. ಸಲೀಸಾಗಿ ಬಿಡಿಸಿಕೊಳ್ಳುತ್ತದೆಂದು ಸಡಿಲ ಚೂರಿಯನ್ನೇ ಮೆಚ್ಚಿ ತಮ್ಮನಿಗೆ ಆರಿಸಿ ಕೊಟ್ಟವನು ಚೆನ್ನಪ್ಪನೇ. ತುಂಡಾಗದ ಹಗ್ಗದ ಮೇಲೆ ಅಂಗಾರ ಬಲ ಹಾಕಿದಾಗ ಚೂರಿ ಅವನ ಬೆರಳುಗಳ ಮೇಲೆ ಮಡಚಿತ್ತು. ಅಂಗಡಿಯವರು ಬೈದು ಕಳಿಸಿದ ಮೇಲೆ ಠಾಣೆಗೂ ಬಂದಿದ್ದೆ, ಚೂರಿ ಮಡಚಿದ್ದಕ್ಕೆ ಕೇಸಿಲ್ಲ ಎಂದರು ಎಂದ ಚೆನ್ನಪ್ಪ. ಬಲ್ಲಾಳರು ನೋಣಯ್ಯನ ಕಡೆ ನೋಡಿದರು. ನೋಣಯ್ಯ ಬಲೆಯ ಕಣ್ಣುಗಳನ್ನು ಪರೀಕ್ಷಿಸುತ್ತಿದ್ದ. ಬೆಳಿಗ್ಗೆಯಿಂದ ಕಟ್ಟಿಟ್ಟುಕೊಂಡ ಸಿಟ್ಟನ್ನು ಯಾರ ಮೇಲೆ ಹಾಕಬೇಕೆಂದು ಬಲ್ಲಾಳರಿಗೇ ತಿಳಿಯಲಿಲ್ಲ.

ಮಾರ್ಸೆಲಿನ್‌ನನ್ನು ಬಿಡುವಂತೆ ಚೀಟಿ ಬರೆದು ಕಳಿಸಿದರು. ಬೇಡಿ ಹಾಕುವ ಮುಂಚೆ ಚೆನ್ನಪ್ಪ ಸೊಂಟದಿಂದ ತನ್ನ ಸ್ವಂತ ಚೂರಿ ತೆಗೆದು, ನಾನು ಬರುವವರೆಗೆ ನಿನಗಿರಲಿ ಎಂದು ತಮ್ಮನಿಗೆ ಕೊಟ್ಟ. ಅಂಗಾರ ಹಿಡಿಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿ ಎಡಗೈಯಿಂದ ಎಳೆದ; ಹಲ್ಲು ಹಾಕಿ ಎಳೆದ. ಒಳ್ಳೆಯ ಸ್ಪ್ರಿಂಗು, ಜಗ್ಗಲಿಲ್ಲ. ಚೆನ್ನಪ್ಪ ಸಹಾಯಕ್ಕೆ ಮುಂದೆ ಬಂದ, ಆದರೆ ನೋಣಯ್ಯ ಆಗಲೇ ಬೇಡಿ ಹಾಕಿಬಿಟ್ಟಿದ್ದ.

ಬಲ್ಲಾಳರೇ ಅದನ್ನು ತೆಗೆದುಕೊಂಡು ಬಿಡಿಸಿ ಅಂಗಾರನ ಎಡಗೈಗೆ ಕೊಟ್ಟರು.

ಅಂಗಾರ ಅವರ ಕಡೆ ನೋಡಲಿಲ್ಲ. "ಮಡಚಲಿಕ್ಕೆ ಯಾರನ್ನು ಕರೆಯಲಿ ಅಣ್ಣ?" ಎಂದ.