ಡವಡವ ಎನ್ನದ ಎದೆ

“ಶರ್ಟ್ ಬಿಚ್ಚಿ.”

ಇಸಿಜಿ ಕೋಣೆಯಲ್ಲಿ ಅವಳು ದಿನವೂ ಹೇಳುವ ಮಾತೇ. ಇವನೆದುರು ಮಾತ್ರ ನಾಲಿಗೆ ತಡವರಿಸಿತು!

ಅವನು ಆಂಬ್ಯುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಫೋನೆತ್ತುವವನು. ಊರವರ ಗೋಳೆಲ್ಲ ಮೊದಲು ಬೀಳುವುದು ಅವನ ಕಿವಿಗೇ.

“ನಿದ್ದೆ ಬರಲ್ಲ ಮೇಡಂ. ಕುಕ್ಕರ್ ಕೂಗಿದ್ರೂ ಬೆಚ್ಚಿಬೀಳ್ತೀನಿ.”

ದಿನವಿಡೀ ಬಡಿತ ದಾಖಲಿಸುವ ಪುಟ್ಟ ಯಂತ್ರವನ್ನು ಅವನ ಸೊಂಟಕ್ಕೆ ಕಟ್ಟಿ ಕಳಿಸಿದಳು. ಫಲಿತಾಂಶ ಕಂಡು ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು.

“ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಸ್ವಲ್ಪ ಹೆಚ್ಚುಕಡಿಮೆ ಆಗ್ತಿರ್ಬೇಕಮ್ಮ. ಇವನದ್ದು ಒಂದೇ ಸಮ. ನರಗಳಿಗೆ ಬಿಡುವೇ ಇಲ್ಲ! ಹೀಗೇ ಬಿಟ್ರೆ ಹೃದಯಕ್ಕೇ ಕುತ್ತು.”

ತಪಾಸಣೆಗೆಂದು ಅವನು ಬರುತ್ತಲೇ ಇದ್ದ. ಪರಿಚಯ ಸಲುಗೆಯಾಯಿತು, ಸಲುಗೆ ಅವಳ ನಿದ್ದೆಯನ್ನೂ ಕೆಡಿಸಿತು. ಮತ್ತೊಮ್ಮೆ ಯಂತ್ರ ಕಟ್ಟಿಸಿಕೊಂಡ ದಿನ ಸಂಜೆ ಇಬ್ಬರೂ ಪಾರ್ಕಿನಲ್ಲಿ ಕೂತರು. ಅವನು ಹೆಚ್ಚು ಮಾತಾಡಲಿಲ್ಲ. ಅವಳ ಎದೆಯಂತೂ ಡವಡವ!

ಮರುದಿನ ಕದ್ದು ಆ ಹೊತ್ತಿನ ದಾಖಲೆ ನೋಡಿದಳು. ಅವನ ಬಡಿತದ ವೇಗ ಏರಿರಲಿಲ್ಲ... ಇಳಿದಿತ್ತು!

‘ಛೇ! ನನ್ನ ಪಕ್ಕ ಕೂತರೂ ಇವನಿಗೆ ಏನೂ ಅನ್ನಿಸಲೇ ಇಲ್ಲವಾ?’

ಅವತ್ತಿನಿಂದ ಅವನ ಫೋನ್ ಎತ್ತುವುದನ್ನೇ ಬಿಟ್ಟಳು. ರಾತ್ರಿ ದಿಂಬು ಒದ್ದೆಯಾಯಿತು.

ಕೆಲವು ದಿನಗಳ ಮೇಲೆ ಅದೇ ದಾಖಲೆ ಹಿಡಿದು ಡಾಕ್ಟರಮ್ಮ ಕೂಗಿದರು. “ಇಲ್ಲಿ ನೋಡೇ! ಸಂಜೆಯ ಈ ಒಂದು ಗಂಟೆಯಲ್ಲಿ ಬಡಿತಗಳ ನಡುವಿನ ಅಂತರ ಎಷ್ಟು ಚೆನ್ನಾಗಿ ಹಿಗ್ಗಿ ಕುಗ್ಗಿದೆ! ಮಾತ್ರೆಯಿಂದ ಆಗದ್ದು... ಆಗ ಎಲ್ಲಿದ್ನಂತೆ ಇವನು?”

ಅವಳ ಕಣ್ಣು ತುಂಬಿಬಂತು. ವೇಗವನ್ನಷ್ಟೇ ನೋಡಿ ಮುನಿಸಿಕೊಂಡಿದ್ದಳಲ್ಲ, ಕೆಲಸ ಗೊತ್ತಿದ್ದೂ ಪೆದ್ದಿ!

ಕಂಟ್ರೋಲ್ ರೂಮಿನ ಬಾಗಿಲಿಗೆ ಓಡಿದಳು. ಅವನು ಹೊರಗೆ ಬಂದ. ಕಣ್ಣು ಗುಳಿಬಿದ್ದಿದ್ದವು.

“ಫೋನ್ ಯಾಕೆ ಎತ್ತಲಿಲ್ಲ? ನಮ್ಮ ಕೆಲಸದಲ್ಲಿ ಆ ಕಡೆಯವರು ಎತ್ತಲಿಲ್ಲ ಅಂದ್ರೆ... ಏನೋ ಆಗಿಹೋಗಿದೆ ಅಂತ ಭಯ!”

“ಬಿಡ್ತು ಅನ್ನಿ! ನನಗೇನೂ ಆಗಿಲ್ಲ. ಅವತ್ತು ಪಾರ್ಕಲ್ಲಿ ನಿಮ್ಮ ಎದೆ ಹೊಡ್ಕೊಳ್ಳಲಿಲ್ಲ ಅಂತ ಸಿಟ್ಟು ಬಂದಿತ್ತು, ಅಷ್ಟೇ.”

“ಅದು ದಿನಾ ಹೊಡ್ಕೊಳ್ಳುತ್ತೆ, ಹೆದರಿಕೆಗೆ. ಅವತ್ತೊಂದಿನ ನೆಮ್ಮದಿ ಸಿಕ್ಕಿತ್ತು. ಬಾಯಿಬಿಟ್ಟು ಕೆಡಿಸೋಕೆ ಮನಸ್ಸಾಗ್ಲಿಲ್ಲ.”

“ಈಗ ಬಾಯಿಬಿಡಿ.”

“ನನ್ನ ಮದ್ವೆ ಆಗ್ತೀರಾ?”

ಅಭ್ಯಾಸಬಲದಿಂದ ಅವಳ ಬೆರಳು ಅವನ ನಾಡಿ ಹಿಡಿಯಿತು. “ಈಗ ಮಾತ್ರ ಡವಡವ ಅಂತಿದೆಯಲ್ರೀ!”

“ನೀವಿನ್ನೂ ಉತ್ತರ ಹೇಳಿಲ್ವಲ್ಲ...”

“ಹ್ಞೂಂ, ಆಗ್ತೀನಿ. ಈಗ ನಿಧಾನಕ್ಕೆ ಉಸಿರು ಬಿಡಿ.”